ನಮ್ಮ ಸೀಮೆಯ ಸಂಘಗಳೂ ಯಂತ್ರವಿದ್ಯೆಯೂ

ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆಂದು ಬೀದರ, ಕಲಬುರಗಿ ಜಿಲ್ಲೆಗಳಿಂದ ಪ್ರತಿವರ್ಷ ಬರುವ ಕನ್ನಡಿಗ ಭಕ್ತರ ಸಂಖ್ಯೆ ಅಲ್ಪವಲ್ಲ. ಶಿವರಾತ್ರಿಯ ದಿನಗಳಲ್ಲಂತೂ ದೇಗುಲದ ಪ್ರಾಕಾರದಲ್ಲಿ ತೆಲುಗಿನ ಜೊತೆಜೊತೆಗೆ ಕನ್ನಡವೂ ಮರಾಠಿಯೂ ಕಿವಿಗೆ ಬೀಳುತ್ತವೆ. ಆದರೆ ಅದೇ ಝರಾಸಂಗಮ ಮಂಡಲದ ಮಾಚನೂರು ಎಂಬ ಹಳ್ಳಿಯ ಹೆಸರನ್ನು ಈ ಯಾತ್ರಿಕರಲ್ಲಿ ಕೇಳಿದವರು ವಿರಳ. 2008ರ ಅಕ್ಟೋಬರ್ 15ರಂದು ಆ ಹಳ್ಳಿಯಲ್ಲಿ ಒಂದು ಬಾನುಲಿ ಕೇಂದ್ರ ಪ್ರಸಾರವನ್ನಾರಂಭಿಸಿತು. ಅದರ ಒಡೆತನ ಹೊಲದಲ್ಲಿ ಕಳೆ ಕೀಳುವ, ಕೂಲಿಗೆ ಹೋಗುವ, ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳ ಸಂಘಗಳದು. ಹೆಸರೂ ಅದಕ್ಕೆ ತಕ್ಕಂತೆ 'ಸಂಘಂ ರೇಡಿಯೋ'. ಶಿಕ್ಷಣ ಸಂಸ್ಥೆಯ ಆವರಣದಿಂದ ಹೊರಗೆ, ಜನರ ಸಂಸ್ಥೆಯೊಂದಕ್ಕೆ ದೊರೆತ ಅನುಮತಿಯ ಮೇಲೆ ಭಾರತದಲ್ಲಿ ಮೊದಲು ದನಿಯೆತ್ತಿದ ಸಮುದಾಯ ಬಾನುಲಿ ಇದೇ.

ಯಾತ್ರಿಕರು ಅರಿಯದಿದ್ದುದು ಸಹಜ. ಮೊಗುಡಂಪಲ್ಲಿಯಲ್ಲಿ ಕುಳಿತ ನಾವೂ ಬಹುಕಾಲ ಅದನ್ನು ಕುರಿತು ಯೋಚಿಸಲಿಲ್ಲವೆಂಬುದು ನಮ್ಮ ಸಂಕೋಚ. ಅದು ತೆಲುಗಿನ ವಿಷಯ, ಒಕ್ಕಲುತನದ ವಿಷಯ, ಕನ್ನಡ ಸಂಘಕ್ಕೂ ಅದಕ್ಕೂ ಏನು ಸಂಬಂಧವೆಂದು ಭಾವಿಸಿದ್ದೆವು. ರಾಜ್ಯೋತ್ಸವದಂದು ಧ್ವಜವೇರಿಸಿ, ಹಿರಿಯರಿಗೆ ಶಾಲು ಹೊದಿಸಿ, ಮಕ್ಕಳಿಂದ ನಾಡಗೀತೆ ಹಾಡಿಸಿ ಕರ್ತವ್ಯ ಪೂರೈಸಿದೆವೆಂದು ತೃಪ್ತರಾಗುತ್ತಿದ್ದ ಕಾಲವದು. ಹೊಸ ಯಂತ್ರವೊಂದು ಊರಿಗೆ ಬಂದಾಗ ಅದನ್ನು ಬಳಸುವವರು ಒಂದು ಕೂಟವಾಗಿ ಸೇರಿದರೆ ಆಗುವುದೇನು, ಸೇರದಿದ್ದರೆ ಕಳೆದುಕೊಳ್ಳುವುದೇನು ಎಂಬ ಪ್ರಶ್ನೆಯ ಚರಿತ್ರೆ ನಮ್ಮ ಸುತ್ತಲೇ ಹರಡಿಕೊಂಡಿದೆ. ಅದನ್ನು ಯಥಾಮತಿ ಕೂಡಿಸಿಡುವುದು ಈ ಲೇಖನದ ಉದ್ದೇಶ.

'ಬಳಕೆದಾರರ ಸಂಘ' ಎಂಬ ಕಲ್ಪನೆ ಹುಟ್ಟಿದ್ದು ಅಮೆರಿಕದಲ್ಲಿ. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತಲಿನ ವಿಮಾನ ಕಾರ್ಖಾನೆಗಳವರು, ಐಬಿಎಂ ಸಂಸ್ಥೆಯ 704 ಎಂಬ ಗಣಕಯಂತ್ರ ತಮ್ಮ ಕಚೇರಿಗಳಿಗೆ ಬರಲಿದೆಯೆಂದಾಗ, ಒಬ್ಬೊಬ್ಬರೂ ಬೇರೆಬೇರೆಯಾಗಿ ಅದೇ ಆಜ್ಞಾವಳಿಗಳನ್ನು ಬರೆದು ಶ್ರಮ ವ್ಯರ್ಥಮಾಡುವುದೇಕೆಂದು ಒಟ್ಟಿಗೆ ಕುಳಿತರು. ಆ ಸಂಘದ ಹೆಸರು 'ಷೇರ್', ಹಂಚಿಕೊಳ್ಳು ಎಂದರ್ಥ. ವ್ಯಾಪಾರದಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾದವರು ವಿದ್ಯೆಯ ವಿಷಯದಲ್ಲಿ ಕೊಡುಕೊಳೆ ಮಾಡಿದರು. ಇಪ್ಪತ್ತು ವರ್ಷಗಳ ತರುವಾಯ, 1975ರ ಮಾರ್ಚ್ 5ರಂದು, ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ ಒಬ್ಬರ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಸುಮಾರು ಮೂವತ್ತು ಜನ ಸೇರಿ 'ಹೋಂಬ್ರೂ ಕಂಪ್ಯೂಟರ್ ಕ್ಲಬ್' ಕಟ್ಟಿದರು. ಆಲ್ಟೇರ್ ಎಂಬ ಬಿಡಿಭಾಗಗಳ ಗಣಕವನ್ನು ಜೋಡಿಸುವುದು ಹೇಗೆಂಬುದೇ ಅವರ ಮೊದಲ ಚರ್ಚೆ. ಸ್ಟೀವ್ ವೋಜ್ನಿಯಾಕ್ ಎಂಬ ತರುಣನು ಮುಂದೆ ಆಪಲ್ ಎಂದು ಪ್ರಸಿದ್ಧವಾದ ಗಣಕದ ನಕ್ಷೆಗಳನ್ನು ಹಂಚಿದ್ದು ಇಂಥ ಸಭೆಗಳಲ್ಲಿಯೇ. ಅಧ್ಯಕ್ಷಪೀಠ, ಹಾರತುರಾಯಿಗಳಿಲ್ಲದೆ ನಡೆದ ಆ ಕೂಟದ ನಿಯಮ ಸರಳವಾಗಿತ್ತು: ಬಲ್ಲವನು ತೋರಿಸಬೇಕು, ಅರಿಯದವನು ಕೇಳಬೇಕು.

ಆ ಎರಡು ಇಸವಿಗಳೂ ನಮ್ಮ ಸೀಮೆಗೆ ಬೇರೆ ಕಾರಣಗಳಿಂದ ನೆನಪಿರತಕ್ಕವು. ಷೇರ್ ಸಂಘ ಹುಟ್ಟಿದ ಮರುವರ್ಷ, 1956ರ ನವೆಂಬರ್ 1ರಂದು, ಹೈದರಾಬಾದು ರಾಜ್ಯ ಹರಿದು ಹಂಚಿಹೋಯಿತು. ಬೀದರ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿಗೆ ಹೋದವು. ನಿರ್ಣಾ ಹೋಬಳಿಯೊಂದನ್ನು ಬಿಟ್ಟು ಜಹೀರಾಬಾದು ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಹೋಬಳಿ ಹಾಗೂ ನಾರಾಯಣಖೇಡ ತಾಲ್ಲೂಕುಗಳು ಆಂಧ್ರದ ಪಾಲಾದವು. ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ಲುಗಳೂ ಅತ್ತ ಸೇರಿದವು. ನೆಲ ಅಲ್ಲೇ ಇತ್ತು, ಜನರೂ ಅಲ್ಲೇ ಇದ್ದರು. ಕಚೇರಿಯ ಭಾಷೆ ಬದಲಾಯಿತು. ಅಲ್ಲಿಂದಾಚೆಗೆ ನಮ್ಮ ಊರುಗಳಲ್ಲಿ ಮನೆಯ ಮಾತು ಕನ್ನಡ, ಶಾಲೆಯದು ತೆಲುಗು, ಸಂತೆಯದು ಉರ್ದು ಬೆರೆತ ದಖ್ಖನಿ ಎಂಬ ವ್ಯವಸ್ಥೆ ನೆಲೆಗೊಂಡಿತು. ಮುಂದೆ ಬಂದ ಪ್ರತಿಯೊಂದು ಯಂತ್ರವೂ, ಬೆರಳಚ್ಚು ಯಂತ್ರದಿಂದ ಕೈಫೋನಿನವರೆಗೆ, ಕಚೇರಿಯ ಭಾಷೆಯನ್ನು ಹೊತ್ತೇ ಬಂದಿತು. ಕನ್ನಡಕ್ಕೆ ಉಳಿದದ್ದು ಮನೆಯ ಅಂಗಳ, ಬೀಸುವ ಕಲ್ಲು, ಭಜನೆಯ ಮೇಳ. ಕಲಬುರಗಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಸಂಜೆಯ ರೇಡಿಯೋ.

ಎರಡನೆಯ ಇಸವಿಯಾದ 1975ರ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಆರಂಭವಾಯಿತು. ಜನರು ಅದನ್ನು 'ಸೈಟ್' ಎಂದು ಕರೆದರು. ಅಮೆರಿಕದ ನಾಸಾ ಸಂಸ್ಥೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಚಿತ್ರ ಬರುವ ಏರ್ಪಾಡು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳೂ ಆಂಧ್ರದಲ್ಲಿ ನಮ್ಮ ಮೇದಕ ಜಿಲ್ಲೆಯೂ ಆಯ್ಕೆಯಾದ ಪ್ರದೇಶಗಳಲ್ಲಿದ್ದವು. ನಾವು ಆಗ ತಾನೇ ಉಪಾಧ್ಯಾಯ ವೃತ್ತಿಗೆ ಕಾಲಿಟ್ಟಿದ್ದೆವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಬೋಗುಣಿಯೊಂದು ಶಾಲೆಯ ಅಂಗಳದಲ್ಲಿ ಆಕಾಶಕ್ಕೆ ಮುಖಮಾಡಿ ನಿಂತಿರುವುದನ್ನೂ, ಕತ್ತಲಾಗುವ ಮುನ್ನವೇ ಊರಿಗೆ ಊರೇ ಚಾಪೆ ಹಿಡಿದು ಬಂದು ಪೆಟ್ಟಿಗೆಯ ಮುಂದೆ ಕೂರುವುದನ್ನೂ ಕಂಡಾಗ ಆದ ಬೆರಗು ಇಂದಿಗೂ ಮಾಸಿಲ್ಲ. ಕಾರ್ಯಕ್ರಮಗಳು ಹಿಂದಿ, ಒರಿಯಾ, ತೆಲುಗು, ಕನ್ನಡಗಳಲ್ಲಿ ಬರುತ್ತಿದ್ದವು. ನೆರೆಯ ಕಲಬುರಗಿಯ ಹಳ್ಳಿಗೆ ಕನ್ನಡ, ನಮ್ಮ ಕಡೆಗೆ ತೆಲುಗು!

1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹವನ್ನು ಒಡೆಯರು ಹಿಂದಕ್ಕೆ ಪಡೆದರು. ಹಳ್ಳಿಗರು ಒಂದು ವರ್ಷ ನೋಡಿದರು, ಮೆಚ್ಚಿದರು, ಆಮೇಲೆ ಖಾಲಿ ಪೆಟ್ಟಿಗೆಯನ್ನು ಬಟ್ಟೆಯಿಂದ ಮುಚ್ಚಿದರು. ನೋಡುಗರ ಸಮೂಹವೊಂದಿತ್ತೇ ಹೊರತು ಬಳಸುವವರ ಸಂಘವಿರಲಿಲ್ಲ. ಯಂತ್ರ ಕೆಟ್ಟರೆ ತಂತ್ರಜ್ಞ ಬರಬೇಕು, ಕಾರ್ಯಕ್ರಮ ಬೇಡವೆನಿಸಿದರೆ ಎದ್ದುಹೋಗಬೇಕು. ಅದಕ್ಕಿಂತ ಹೆಚ್ಚಿನ ಅಧಿಕಾರ ನೋಡುಗನಿಗೆ ಇರಲಿಲ್ಲ.

ಈ ಪ್ರಯೋಗದ ಕಾಲದಲ್ಲಿ ದೂರದರ್ಶನದ ನಿರ್ಮಾಪಕರಾಗಿ ದುಡಿದವರಲ್ಲಿ ಪಿ.ವಿ. ಸತೀಶ್ ಒಬ್ಬರು. 1945ರಲ್ಲಿ ಮೈಸೂರಿನಲ್ಲಿ ಜನಿಸಿದ ಈ ಕನ್ನಡಿಗರು ಸ್ನೇಹಿತರೊಡನೆ ಸೇರಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಸ್ಥಾಪಿಸಿ, ಜಹೀರಾಬಾದಿನ ಪಕ್ಕದ ಪಸ್ತಾಪುರವನ್ನು ಕಾರ್ಯಕ್ಷೇತ್ರ ಮಾಡಿಕೊಂಡರು. ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳು ಎದ್ದವು. ಬೀಳುಬಿದ್ದ ನೆಲವನ್ನು ಹಸನುಮಾಡುವುದು, ಜೋಳ, ಸಜ್ಜೆ, ನವಣೆ, ತೊಗರಿಗಳ ನಾಟಿ ಬೀಜಗಳನ್ನು ಕಾಯುವುದು, ಊರಿನ ಧಾನ್ಯವನ್ನು ಊರಿನಲ್ಲೇ ಸಂಗ್ರಹಿಸಿ ಬಡವರಿಗೆ ಹಂಚುವುದು ಸಂಘಗಳ ಮೊದಲ ಕೆಲಸಗಳು. ಯಂತ್ರ ಬಂದದ್ದು ಆಮೇಲೆ. ಇಲ್ಲಿಯ ಅನುಕ್ರಮವನ್ನು ಓದುಗರು ಗಮನಿಸಬೇಕು. ಸಂಘ ಮೊದಲು ಇತ್ತು, ಅದಕ್ಕೆ ಹೇಳಬೇಕಾದ ಮಾತೂ ಇತ್ತು, ಹೇಳುವ ಸಾಧನ ಕೊನೆಗೆ ಬಂದಿತು.

1990ರ ದಶಕದ ಉತ್ತರಾರ್ಧದಲ್ಲಿ ಈ ಸಂಘಗಳ ಕೆಲವು ಸ್ತ್ರೀಯರು ವಿಡಿಯೋ ಕ್ಯಾಮೆರಾ ಹಿಡಿಯಲು ಕಲಿತರು. ಅವರಲ್ಲಿ ಅಕ್ಷರ ಬಲ್ಲವರೇ ಕಡಿಮೆ. ಪಠ್ಯಪುಸ್ತಕವಿಲ್ಲದೆ, ಇಂಗ್ಲಿಷಿನ ಪರಿಭಾಷೆಯಿಲ್ಲದೆ ಕಲಿಸಬೇಕಾಯಿತು, ಕಲಿಯಬೇಕಾಯಿತು. ಕ್ಯಾಮೆರಾವನ್ನು ಎತ್ತರದಿಂದ ಕೆಳಮುಖವಾಗಿ ಹಿಡಿದರೆ ಅದು 'ಪಟೇಲ ಶಾಟ್' ಎಂದು ಅವರು ಹೆಸರಿಟ್ಟರು, ಏಕೆಂದರೆ ಊರಗೌಡ ತಮ್ಮನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲ್ಮುಖವಾಗಿ ಹಿಡಿದರೆ ಅದು ಜೀತದಾಳಿನ ಶಾಟ್. ತಾವು ಧಣಿಯನ್ನು ನೋಡಬೇಕಾದುದು ಹಾಗೆ. ಕಣ್ಣಿಗೆ ಕಣ್ಣು ಸಮವಾಗಿ ಹಿಡಿದರೆ ಅದು 'ಸಂಘಂ ಶಾಟ್'. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ಕುಳಿತು ಮಾತಾಡುವರಷ್ಟೆ! ನಾವು ಮೂವತ್ತೈದು ವರ್ಷ ಪಾಠ ಹೇಳಿದವರು. ಪಾರಿಭಾಷಿಕ ಪದ ರಚನೆಯ ಕುರಿತು ವಿದ್ವಾಂಸರ ಉಪನ್ಯಾಸಗಳನ್ನೂ ಕೇಳಿದ್ದೇವೆ. ಬಳಸುವವರ ಬದುಕಿನಿಂದಲೇ ಎದ್ದುಬಂದ ಇಂಥ ಪರಿಭಾಷೆಯನ್ನು ಬೇರೆಲ್ಲೂ ಕಂಡಿಲ್ಲ. 2001ರಲ್ಲಿ ಈ ಸ್ತ್ರೀಯರದೇ ಆದ ಸಮುದಾಯ ಮಾಧ್ಯಮ ಟ್ರಸ್ಟ್ ರೂಪುಗೊಂಡಿತು. ವರಂಗಲ್ಲಿನ ಬಿಟಿ ಹತ್ತಿ ರೈತರ ಸಂಕಟವನ್ನು ಕುರಿತು ಅವರು ತೆಗೆದ ಚಿತ್ರ ದೇಶವಿದೇಶಗಳಲ್ಲಿ ಪ್ರದರ್ಶನಗೊಂಡಿತು.

ಬಾನುಲಿಯ ಕಥೆ ಇನ್ನೂ ದೀರ್ಘವಾದುದು. ಹೈದರಾಬಾದಿನಿಂದ ಬರುವ ತೆಲುಗು ತಮ್ಮ ತೆಲುಗಲ್ಲ, ತಮ್ಮ ಮಾತನ್ನು ಅದು ಒರಟೆಂದು ನಗುತ್ತದೆ, ತಮ್ಮ ಬೆಳೆ, ತಮ್ಮ ಹಾಡು, ತಮ್ಮ ಮದ್ದುಗಳ ಮಾತು ಅಲ್ಲಿ ಬರುವುದಿಲ್ಲ ಎಂಬ ಕೊರಗು ಸಂಘದ ಸ್ತ್ರೀಯರಿಗಿತ್ತು. ಗಡಿಯ ಕನ್ನಡಿಗರಾದ ನಮಗೆ ಈ ಕೊರಗಿನ ಅರ್ಥವಾಗದೆ ಇದ್ದೀತೆ? ಬೆಂಗಳೂರಿನ ಕನ್ನಡದ ಮುಂದೆ ನಮ್ಮ 'ಯಾನ್ ಮಾಡ್ಲತೀರಿ' ಎಷ್ಟು ಸಲ ನಗೆಪಾಟಲಿಗೆ ಈಡಾಗಿಲ್ಲ! 1998ರಲ್ಲಿ ಯುನೆಸ್ಕೋ ನೆರವಿನಿಂದ ಮಾಚನೂರಿನಲ್ಲಿ ಧ್ವನಿಮುದ್ರಣದ ಕೇಂದ್ರ ಸಿದ್ಧವಾಯಿತು. ಯಂತ್ರವಿತ್ತು, ಅದನ್ನು ನಡೆಸಲು ಕಲಿತ ಕೈಗಳಿದ್ದವು. ಗಾಳಿಯಲ್ಲಿ ದನಿ ಬಿಡಲು ಕಾನೂನು ಅವಕಾಶ ಕೊಡಲಿಲ್ಲ.

ಕಾನೂನಿನ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಗಾಳಿಯಲೆಗಳು ಸಾರ್ವಜನಿಕರ ಸೊತ್ತು, ಅವು ಸರ್ಕಾರದ ಏಕಸ್ವಾಮ್ಯವಾಗಿರಬಾರದೆಂದು 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕ್ರಿಕೆಟ್ ಪಂದ್ಯದ ದೂರದರ್ಶನ ಪ್ರಸಾರದ ಹಕ್ಕಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೂಡಿದ ವ್ಯಾಜ್ಯದಿಂದ ಹೊರಟ ಈ ತೀರ್ಪು ಹೊಲಗೆಲಸದ ಹೆಂಗಸರಿಗೆ ಮಾತಿನ ಹಕ್ಕು ತಂದಿತೆಂಬುದು ಚರಿತ್ರೆಯ ವಿನೋದ. ಮರುವರ್ಷ ಬೆಂಗಳೂರಿನಲ್ಲಿ ಸೇರಿದವರು ಸಮುದಾಯ ಬಾನುಲಿ ಬೇಕೆಂದು ಘೋಷಣೆ ಹೊರಡಿಸಿದರು. 2000ದ ಜುಲೈಯಲ್ಲಿ ಅದೇ ಬೇಡಿಕೆಯ ಸಮಾವೇಶ ನಮ್ಮ ಪಸ್ತಾಪುರದಲ್ಲಿಯೇ ನಡೆದು, 'ಪಸ್ತಾಪುರ ಉಪಕ್ರಮ' ಎಂಬ ಹೆಸರಿನ ದಾಖಲೆ ಹೊರಬಂದಿತು. ಸರ್ಕಾರ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆದಿತು. 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಆರಂಭವಾಯಿತು. 2006ರ ನವೆಂಬರಿನಲ್ಲಿ ಜನರ ಸಂಸ್ಥೆಗಳಿಗೂ ಅವಕಾಶ ಕೊಡುವ ನೀತಿ ಬಂದಿತು.

ಹೀಗಾಗಿ ಮಾಚನೂರಿನವರು ಹತ್ತು ವರ್ಷ ಕಾದರು. ಆ ಹತ್ತು ವರ್ಷ ಅವರು ಸುಮ್ಮನೆ ಕೂರಲಿಲ್ಲ. ಕಾರ್ಯಕ್ರಮಗಳನ್ನು ಮುದ್ರಿಸಿಕೊಂಡು, ಕ್ಯಾಸೆಟ್ಟುಗಳನ್ನು ಹಳ್ಳಿಗಳಿಗೆ ಒಯ್ದು ಸಂಘದ ಸಭೆಗಳಲ್ಲಿ ಕೇಳಿಸಿದರು, ಕೇಳಿದವರ ಅಭಿಪ್ರಾಯ ತಂದರು, ತಿದ್ದಿಕೊಂಡರು. 2008ರಲ್ಲಿ 90.4 ಮೆಗಾಹರ್ಟ್ಸಿನಲ್ಲಿ ಪ್ರಸಾರ ಆರಂಭವಾದಾಗ ಕೇಳುಗರನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್, 1995ರ ತೀರ್ಪಿನ ಪೀಠದಲ್ಲಿ ಕುಳಿತಿದ್ದವರೇ. ಕೇಂದ್ರವನ್ನು ನಡೆಸಿದವರು ಅಲ್ಗೋಲ್ ನರಸಮ್ಮ ಮತ್ತು 'ಜನರಲ್' ನರಸಮ್ಮ ಎಂಬ ಇಬ್ಬರು ದಲಿತ ಯುವತಿಯರು. ಸತೀಶರು 2023ರ ಮಾರ್ಚ್ 19ರಂದು ನಿಧನರಾದರು. ಮೈಸೂರಿನ ಕನ್ನಡಿಗರೊಬ್ಬರು ನಮ್ಮ ಹೊಸ್ತಿಲಲ್ಲಿ ನಾಲ್ಕು ದಶಕ ಬದುಕಿದ್ದರೂ ನಮ್ಮ ಕನ್ನಡ ಕೂಟದ ಒಂದು ಸಭೆಗೂ ನಾವು ಅವರನ್ನು ಕರೆಯಲಿಲ್ಲ. ಈ ತಪ್ಪಿಗೆ ಈಗ ಪರಿಹಾರವಿಲ್ಲ.

ಕರ್ನಾಟಕದೊಳಗೂ ಇದಕ್ಕೆ ಸಮಾನವಾದ ಒಂದು ನಿದರ್ಶನವಿದೆ. ಹೈದರಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 2001ರ ಹೊತ್ತಿಗೆ 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ಆರಂಭಿಸಿದವು. ಅಲ್ಲಿಯೂ ಸ್ವಸಹಾಯ ಸಂಘಗಳ ಹೆಂಗಸರೇ ಮುಂದು. ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿಯಿಲ್ಲದಿದ್ದಾಗ ಅವರು ಮೊದಲು ಧ್ವನಿವರ್ಧಕದಲ್ಲಿ ಕೇಳಿಸಿದರು, ಆಮೇಲೆ ಟಿ.ವಿ. ಕೇಬಲ್ಲಿನ ತಂತಿಯ ಮೂಲಕ ಮನೆಮನೆಗೆ ದನಿ ಹರಿಸಿದರು. ಗಾಳಿಯಲ್ಲಿ ಬಿಡಬಾರದೆಂದರೆ ತಂತಿಯಲ್ಲಿ ಬಿಡುವೆವೆಂಬ ಈ ಜಾಣ್ಮೆಯನ್ನು ಕಂಡಾಗ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವಿಟ್ಟು 'ಆಕಾಶವಾಣಿ' ಆರಂಭಿಸಿದ್ದು ನೆನಪಾಗದಿರದು. ದೇಶದ ಬಾನುಲಿಗೆಲ್ಲ ಆ ಹೆಸರೇ ಮುಂದೆ ನಿಂತಿತು.

ಇನ್ನು ಗಣಕಯಂತ್ರದಲ್ಲಿ ಕನ್ನಡದ ಸಂಗತಿ. ಇಲ್ಲಿಯೂ ದೊಡ್ಡ ಕಂಪನಿಗಳು ಕನ್ನಡಕ್ಕೆ ಮಾಡಿಕೊಟ್ಟದ್ದಕ್ಕಿಂತ ಬಳಕೆದಾರರು ಮೊದಲು ಮಾಡಿಕೊಂಡದ್ದು ಹೆಚ್ಚು. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಾವೆಲ್ಲ ಬಲ್ಲ ಕೆ.ಪಿ. ರಾವ್, ಅಕ್ಷರಗಳ ಉಚ್ಚಾರವನ್ನೇ ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟು ಹಂಚಿದರು. ಕರ್ನಾಟಕ ಸರ್ಕಾರ ಮುಂದೆ ಪ್ರಮಾಣವೆಂದು ಒಪ್ಪಿದ ಕೀಲಿಮಣೆಗೆ ಈ ವಿನ್ಯಾಸವೇ ಮೂಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು, ಉಚಿತವಾಗಿ. ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ 'ನುಡಿ'ಯನ್ನು ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರಂಥ ಸಾಹಿತಿಗಳು ಕನ್ನಡ ತಂತ್ರಾಂಶದ ಬಗ್ಗೆ ಚಿಂತಿಸಿದ್ದೂ ಇದೇ ಕಾಲದಲ್ಲಿ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಸಂಬಳವಿಲ್ಲದೆ ಬರೆಯುವವರು ಊರೂರುಗಳಲ್ಲಿ ಕಮ್ಮಟ ನಡೆಸಿ ಹೊಸಬರನ್ನು ತಯಾರುಮಾಡಿದರು. ಅಕ್ಷರಗಳಿಗೆ ಜಗತ್ತಿನಾದ್ಯಂತ ಒಂದೇ ಸಂಕೇತವಿರಬೇಕೆಂಬ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನವಿತ್ತಾದರೂ, ಅದು ಸಾಮಾನ್ಯ ಬಳಕೆಗೆ ಬರಲು ಒಂದು ದಶಕಕ್ಕಿಂತ ಹೆಚ್ಚು ಬೇಕಾಯಿತು.

ಅದು ಬಳಕೆಗೆ ಬರುವ ಮೊದಲಿನ ಫಜೀತಿಯನ್ನು ನಾವು ಸ್ವಂತವಾಗಿ ಉಂಡಿದ್ದೇವೆ. ನಿವೃತ್ತಿಯ ಹೊತ್ತಿನಲ್ಲಿ ಒಂದು ಸಾಹಿತ್ಯ ಕೂಟದ ಆಮಂತ್ರಣವನ್ನು ಬೀದರದ ಮಿತ್ರರಿಂದ ಬೆರಳಚ್ಚು ಮಾಡಿಸಿ, ತಟ್ಟೆಯೊಂದರಲ್ಲಿ ತುಂಬಿಸಿಕೊಂಡು ಪೇಟೆಯ ಮುದ್ರಣಾಲಯಕ್ಕೆ ಹೋದೆವು. ಅಲ್ಲಿಯ ಗಣಕದಲ್ಲಿ ಆ ಅಕ್ಷರರೂಪವಿರಲಿಲ್ಲ. ತೆರೆಯ ಮೇಲೆ ಮೂಡಿದ್ದು ಪ್ರಶ್ನಾರ್ಥಕ ಚಿಹ್ನೆಗಳೂ ಲ್ಯಾಟಿನ್ ಅಕ್ಷರಗಳೂ ಬೆರೆತ ಒಂದು ಗೊಂದಲ. ತೆಲುಗು ಮಾತ್ರ ಬಲ್ಲ ತರುಣ ಅದನ್ನು ಬಿಡಿಬಿಡಿಯಾಗಿ ಜೋಡಿಸಿಕೊಟ್ಟ. ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಸರಿದು 'ಅಧ್ಯಕ್ಷರು' ಎಂಬ ಪದ ಯಾರೂ ಓದಲಾರದಂತಾಗಿತ್ತು. ಆ ಆಮಂತ್ರಣವನ್ನು ಹಂಚಲು ನಾಚಿ ಕೈಬರಹದ ಪ್ರತಿಗಳನ್ನೇ ಕಳುಹಿಸಿದೆವು. ತರುಣನದು ತಪ್ಪಿಲ್ಲ. ಈ ಪೇಟೆಯಲ್ಲಿ ಕನ್ನಡ ಅಚ್ಚುಮಾಡಿಸುವವರು ಇದ್ದಾರೆಂದು ಅವನಿಗೆ ತಿಳಿಸುವಷ್ಟು ಸಲ ನಾವು ಅವನ ಬಳಿಗೆ ಹೋಗಿಯೇ ಇರಲಿಲ್ಲ.

2016ರಲ್ಲಿ ಮೊಗುಡಂಪಲ್ಲಿ ಪ್ರತ್ಯೇಕ ಮಂಡಲವಾಗಿ ಹೊಸ ಸಂಗಾರೆಡ್ಡಿ ಜಿಲ್ಲೆಯಲ್ಲಿ ಸೇರಿದ ಸುಮಾರಿಗೆ ಕೈಫೋನುಗಳು ಎಲ್ಲರ ಅಂಗಿಯ ಜೇಬಿಗೂ ಸೆರಗಿನ ಗಂಟಿಗೂ ಬಂದಿದ್ದವು. ಆಗ ನಾವು ಕೆಲವರು ಒಂದು ಬಳಕೆದಾರರ ಕೂಟವನ್ನು ಆರಂಭಿಸಿ ನೋಡೋಣವೆಂದು ಹೊರಟೆವು. ಆರಂಭವನ್ನು ಮೇಷ್ಟರುಗಳು ಮಾಡುವ ರೀತಿಯಲ್ಲೇ ಮಾಡಿದೆವು. ಒಂದು ಬ್ಯಾನರು, ಒಂದು ಸ್ವಾಗತ ಭಾಷಣ, 'ಗಣಕಯುಗದಲ್ಲಿ ಕನ್ನಡ' ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆಯ ಉಪನ್ಯಾಸ. ಉಪನ್ಯಾಸಕರು ನಾವೇ. ಹನ್ನೊಂದು ಜನ ಬಂದರು. ಮುಂದಿನ ತಿಂಗಳು ನಾಲ್ವರು, ಅದರಲ್ಲಿ ಇಬ್ಬರು ಚಹದ ವ್ಯವಸ್ಥೆಯವರು. ಶಿವರಾತ್ರಿ ಜಾತ್ರೆಯಲ್ಲಿ ಕರಪತ್ರ ಹಂಚಿದೆವು. ಕರಪತ್ರದಲ್ಲಿ ಕಡಲೆಪುರಿ ಕಟ್ಟಿಕೊಂಡು ಹೋಗುವವರನ್ನು ಕಣ್ಣಾರೆ ಕಂಡೆವು.

ನಮ್ಮ ಕಣ್ಣು ತೆರೆಸಿದವರು ಊರಿನ ಒಬ್ಬ ತಾಯಿ. ಮಗಳ ಮದುವೆ ಗಡಿಯಾಚೆಯ ಹುಮನಾಬಾದು ಕಡೆಗೆ ಗೊತ್ತಾಗಿತ್ತು. ಬೀಗರು ಕನ್ನಡದವರು, ಲಗ್ನಪತ್ರಿಕೆ ತೆಲುಗಿನಲ್ಲಿ ಹೋದರೆ ಚೆನ್ನಾಗಿರದು, ಕನ್ನಡದಲ್ಲಿ ಬರೆಸಿಕೊಡಿರೆಂದು ಕೇಳಿಕೊಂಡು ಬಂದರು. ಕೂಟದ ತರುಣನೊಬ್ಬ ಅವರ ಎದುರಿನಲ್ಲೇ ಫೋನಿನಲ್ಲಿ ಕನ್ನಡದ ಕೀಲಿಮಣೆ ತೆರೆದು ಪತ್ರಿಕೆಯನ್ನು ಸಿದ್ಧಪಡಿಸಿದ. ಯೂನಿಕೋಡಿನ ದಯೆಯಿಂದ ಅದು ಎಲ್ಲಿ ತೆರೆದರೂ ಒಡೆಯದೆ ನಿಂತಿತು. ಮುಂದಿನ ವಾರ ಆ ತಾಯಿ ತಮ್ಮ ತಂಗಿಯನ್ನೂ ಮೈದುನನ ಮಗನನ್ನೂ ಕರೆತಂದರು. ಬೀದರದಲ್ಲಿ ಓದುವ ಮೊಮ್ಮಗಳಿಗೆ ಕನ್ನಡದಲ್ಲಿ ಸಂದೇಶ ಬರೆಯಬೇಕೆಂದು ಒಬ್ಬರು, ದೇವಸ್ಥಾನದ ಜಮಾಖರ್ಚು ಇಡಬೇಕೆಂದು ಇನ್ನೊಬ್ಬರು, ಭಜನೆಯ ಪದಗಳನ್ನು ದೊಡ್ಡ ಅಕ್ಷರದಲ್ಲಿ ಓದಬೇಕೆಂದು ಮತ್ತೊಬ್ಬರು ಬಂದರು. ಭಾಷಣ ನಿಂತಿತು, ಕೆಲಸ ನಡೆಯಿತು. ಬ್ಯಾನರನ್ನು ಮಡಿಚಿಟ್ಟೆವು. ಸಭೆಯ ಹೊತ್ತನ್ನೂ ಬದಲಿಸಿದೆವು: ಭಾನುವಾರದ ಬೆಳಿಗ್ಗೆ ನಮಗೆ ಅನುಕೂಲವಾಗಿತ್ತು, ಹೊಲಕ್ಕೆ ಹೋಗುವವರಿಗೆ ರಾತ್ರಿ ಊಟದ ನಂತರವೇ ಬಿಡುವು. ಕುರ್ಚಿಗಳನ್ನು ತೆಗೆದು ಜಮಖಾನೆ ಹಾಸಿದ್ದು ಮಾತ್ರ ಮಾಚನೂರಿನ ನೆನಪಿನಿಂದ ಬೇಕೆಂದೇ ಮಾಡಿದ್ದು.

ಕಲಿಸುವುದರಲ್ಲಿ ನಾವು ಕಲಿತದ್ದೂ ಉಂಟು. ಅಕ್ಷರ ಬಾರದ ಹಿರಿಯರಿಗಾಗಿ, ಆಡಿದ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನು ಪ್ರಯೋಗಿಸಿದೆವು. 'ನೀವು ಏನು ಮಾಡುತ್ತಿದ್ದೀರಿ' ಎಂದರೆ ಫೋನು ತಪ್ಪಿಲ್ಲದೆ ಬರೆಯಿತು. 'ಯಾನ್ ಮಾಡ್ಲತೀರಿ' ಎಂದರೆ ಅದಕ್ಕೆ ತೋಚಿದ ಬೇರೇನನ್ನೋ ಬರೆಯಿತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ನಕ್ಕು, 'ಇದಕ್ಕ ನಮ್ಮ ಮಾತ ಬರಂಗಿಲ್ಲ, ಸಾಲಿಗಿ ಹಚ್ಚರಿ' ಎಂದರು. ಸಭೆ ಗೊಳ್ಳೆಂದು ನಕ್ಕಿತು, ನಾವು ನಗಲಾರದೆ ಹೋದೆವು. ಯಂತ್ರಕ್ಕೆ ಭಾಷೆ ಬರುವುದು ಆ ಭಾಷೆಯ ದನಿಗಳೂ ಪಠ್ಯಗಳೂ ಅದಕ್ಕೆ ಹೇರಳವಾಗಿ ದೊರೆತಾಗ. ನಮ್ಮ ಸೀಮೆಯ ಕನ್ನಡದ ದನಿಯನ್ನು ಯಾರೂ ಕೂಡಿಸಿಟ್ಟಿಲ್ಲ. ಕರ್ನಾಟಕದವರ ಲೆಕ್ಕದಲ್ಲಿ ನಾವು ಹೊರನಾಡಿನವರು, ತೆಲಂಗಾಣದವರ ಲೆಕ್ಕದಲ್ಲಿ ಅಲ್ಪಸಂಖ್ಯಾತ ಭಾಷಿಕರು; ನಮಗಾಗಿ ಈ ಕೆಲಸವನ್ನು ಮಾಡಲು ಯಾವ ಕಚೇರಿಯೂ ಬರುವಂತಿಲ್ಲ.

ಹಾಗಾಗಿ ಕೂಟದ ಕೆಲಸ ಬರೆಯುವುದರಿಂದ ದನಿ ಕೂಡಿಸುವುದರ ಕಡೆಗೆ ತಿರುಗಿತು. ಬೀಸುವ ಪದ, ಸೋಬಾನೆ, ಮೊಹರಂ ಹಬ್ಬದ ರಿವಾಯತ ಪದ, ಬಿತ್ತನೆಯ ಗಾದೆ, ಹಳೆಯ ಬೆಳೆಗಳ ಹೆಸರು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಫೋನಿನಲ್ಲಿ ಮುದ್ರಿಸತೊಡಗಿದೆವು. ಹಾಡಿದವರ ಒಪ್ಪಿಗೆ ಪಡೆದು, ಊರು, ದಿನಾಂಕ ಬರೆದಿಡಬೇಕೆಂಬುದು ನಿಯಮ. ಮೊದಮೊದಲು ನಮ್ಮ ಮಾತುಗಳೇ ಹೆಚ್ಚು ಮುದ್ರಿತವಾಗಿ, ಹಾಡಿಗಿಂತ ಮೇಷ್ಟರ ಪ್ರಶ್ನೆಗಳೇ ಉದ್ದವಾಗಿದ್ದವು. ತರುಣರು ಅದನ್ನು ನಯವಾಗಿ ತಿಳಿಸಿ ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡರು. ಆಮೇಲೆ ಮುದ್ರಣ ಸುಧಾರಿಸಿತು. ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಮುಂದೆ ಹಾಡುವಾಗ ಬರುವ ಪದಗಳು ಗಂಡಸರು ಕೇಳಿದಾಗ ಬರುವುದಿಲ್ಲವೆಂಬುದೂ ತಿಳಿಯಿತು. ಈಗ ಆ ಕೆಲಸವನ್ನು ಮೂವರು ಹೆಣ್ಣುಮಕ್ಕಳೇ ನೋಡಿಕೊಳ್ಳುತ್ತಾರೆ. ಅವರಲ್ಲಿ ಇಬ್ಬರು ಶಾಲೆಯಲ್ಲಿ ಓದಿದ್ದು ತೆಲುಗು. ಕನ್ನಡ ಅಕ್ಷರವನ್ನು ಅವರು ಕಲಿತದ್ದು ಈ ಹಾಡುಗಳಿಗೆ ಹೆಸರು ಬರೆಯುವ ನೆಪದಲ್ಲಿ, ಫೋನಿನ ಕೀಲಿಮಣೆಯ ಮೇಲೆ. ಎರಡು ಲಿಪಿಗಳೂ ಅಕ್ಕತಂಗಿಯರಾದ್ದರಿಂದ ತಲೆಕಟ್ಟಿನ ವ್ಯತ್ಯಾಸ ತಿಳಿದೊಡನೆ ಉಳಿದುದು ಬೇಗ ಕೈವಶವಾಯಿತು. ಮೂವತ್ತೈದು ವರ್ಷ ಕಪ್ಪುಹಲಗೆಯ ಮುಂದೆ ನಿಂತ ನಮಗೆ ಇಷ್ಟು ಶೀಘ್ರವಾಗಿ ಅಕ್ಷರ ಕಲಿತ ವಿದ್ಯಾರ್ಥಿಗಳು ದೊರೆತಿರಲಿಲ್ಲ.

ಫೋನನ್ನು ಶಾಲೆಗೆ ಹಚ್ಚಿರೆಂದ ಅ ಅಜ್ಜಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರು ಹಾಡಿದ ಬೀಸುವ ಪದಗಳು ಆರು ಉಳಿದಿವೆ. ಏಳನೆಯದರ ನಡುವೆ ವಿದ್ಯುತ್ತು ಹೋಗಿ, ಫೋನಿನ ಶಕ್ತಿಯೂ ಮುಗಿದು ಹಾಡು ಅರ್ಧಕ್ಕೇ ನಿಂತಿದೆ. ಆ ಪದದ ಉಳಿದ ಭಾಗ ಬಲ್ಲವರು ನಾರಾಯಣಖೇಡದ ಕಡೆಯಾಗಲಿ ತಾಂಡೂರಿನ ಕಡೆಯಾಗಲಿ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದೇವೆ. ಈ ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಅದು ಉಳಿದಿದ್ದರೆ, ಮೂವರು ಹೆಣ್ಣುಮಕ್ಕಳೂ ಊಟದ ಚಪ್ಪರದ ಬಳಿ ಫೋನು ಹಿಡಿದು ಕುಳಿತಿರುತ್ತಾರೆ.